ದೇವನಹಳ್ಳಿ ದಾಟಿ ದೋಹಾ, ದುಬೈಗೆ: ಹೊರದೇಶದ ಏರ್‌ಪೋರ್ಟ್‌ನಲ್ಲಿ ಗ್ರೌಂಡ್ ಸ್ಟಾಫ್ ಕೆಲಸ ಹಿಡಿಯುವುದು ಹೇಗೆ?

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಜಾವ ನಿಂತು ನೋಡಿ. ಕುತ್ತಿಗೆಗೆ ಪಾಸ್ ತಗುಲಿಸಿಕೊಂಡು, ಕೈಯಲ್ಲಿ ಟಿಫಿನ್ ಬ್ಯಾಗ್ ಹಿಡಿದು ನಿಂತ ಹುಡುಗ ಹುಡುಗಿಯರು ಕಾಣುತ್ತಾರೆ. ಎಲ್ಲರೂ ದೇವನಹಳ್ಳಿ ಏರ್‌ಪೋರ್ಟ್ ಕಡೆಗೆ ಹೊರಟವರೇ. ನಾನೂ ಎರಡು ವರ್ಷ ಹಾಗೆ ನಿಂತವನು. ಆಮೇಲೆ ಐದು ವರ್ಷ ದೋಹಾದಲ್ಲಿ ರ‍್ಯಾಂಪ್ ಕೆಲಸ ಮಾಡಿ ಊರಿಗೆ ಬಂದೆ. ಈಗ ವಾರಕ್ಕೊಬ್ಬರಾದರೂ ಮನೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ದುಬೈ ಏರ್‌ಪೋರ್ಟಲ್ಲಿ ಕೆಲಸ ಕೊಡಿಸ್ತಾರಂತೆ. ಒಂದೂವರೆ ಲಕ್ಷ ಕೇಳ್ತಿದ್ದಾರೆ. ಕಟ್ಬಿಡ್ಲಾ?"

ಕಟ್ಟಬೇಡಿ. ಮೊದಲು ದೇವನಹಳ್ಳಿಗೆ ಹೋಗಿ. ಹಾಗೆ ಯಾಕೆ ಹೇಳುತ್ತೇನೆ ಅನ್ನುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಗ್ರೌಂಡ್ ಸ್ಟಾಫ್ ಅಂದರೆ ಯಾವ ಕೆಲಸ?

"ಏರ್‌ಪೋರ್ಟ್ ಕೆಲಸ" ಅಂತ ಕೇಳಿಕೊಂಡು ಹೋದರೆ ಯಾರೂ ಕೊಡುವುದಿಲ್ಲ. ಅಲ್ಲಿ ಹತ್ತು ತರಹದ ಕೆಲಸ ಇದೆ, ಒಂದೊಂದಕ್ಕೂ ಬೇರೆ ಬೇರೆ ಅರ್ಹತೆ ಕೇಳುತ್ತಾರೆ.

ಚೆಕ್-ಇನ್ ಕೌಂಟರ್, ಬೋರ್ಡಿಂಗ್ ಗೇಟ್, ಕಳೆದುಹೋದ ಲಗೇಜಿನ ಡೆಸ್ಕ್, ಇವೆಲ್ಲ ಪ್ಯಾಸೆಂಜರ್ ಸರ್ವಿಸ್. ಇದಕ್ಕೆ ಪಿಯುಸಿ ಅಥವಾ ಡಿಗ್ರಿ ಬೇಕು, ತಡವರಿಸದೆ ಇಂಗ್ಲಿಷ್ ಮಾತಾಡಬೇಕು. ವಿಮಾನದ ಹೊಟ್ಟೆಗೆ ಲಗೇಜ್ ತುಂಬುವುದು, ಇಳಿಸುವುದು, ಚಕ್ರ ಉರುಳದಂತೆ ಚಾಕ್ (ಅಡ್ಡ ಇಡುವ ದಿಮ್ಮಿ) ಇಡುವುದು, ಕೋನ್ ಇಡುವುದು ರ‍್ಯಾಂಪ್ ಕೆಲಸ. ಇದಕ್ಕೆ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಸಾಕು. ಆದರೆ ಮೈಯಲ್ಲಿ ಕಸುವು ಇರಬೇಕು. ಒಂದು ಬ್ಯಾಗ್ 32 ಕೆಜಿವರೆಗೂ ಇರುತ್ತದೆ. ಅಂಥದ್ದನ್ನು ಬಗ್ಗಿ ಕೂತು ಒಂದು ಶಿಫ್ಟಿನಲ್ಲಿ ನೂರಾರು ಎತ್ತಬೇಕು. ಟಗ್, ಬೆಲ್ಟ್ ಲೋಡರ್, ಹೈ ಲೋಡರ್, ಪುಷ್‌ಬ್ಯಾಕ್ ಗಾಡಿ ಓಡಿಸುವವರು ಇಕ್ವಿಪ್‌ಮೆಂಟ್ ಆಪರೇಟರ್‌ಗಳು. ಆಮೇಲೆ ಕಾರ್ಗೋ, ಕ್ಯಾಬಿನ್ ಕ್ಲೀನಿಂಗ್, ವಿಮಾನದ ತೂಕದ ಲೆಕ್ಕ ಹಾಕುವ ಲೋಡ್ ಕಂಟ್ರೋಲ್.

ನನ್ನನ್ನು ಕೇಳಿದರೆ ನಮ್ಮ ಕಡೆ ಹುಡುಗರು ಕಡೆಗಣಿಸುವುದು ಇಕ್ವಿಪ್‌ಮೆಂಟ್ ಆಪರೇಟರ್ ಮತ್ತು ಕಾರ್ಗೋ. ಎಲ್ಲರಿಗೂ ಟೈ ಕಟ್ಟಿ ಕೌಂಟರಿನಲ್ಲಿ ನಿಲ್ಲುವ ಆಸೆ. ಟ್ರ್ಯಾಕ್ಟರ್, ಲಾರಿ ಓಡಿಸಿ ಕೈ ಪಳಗಿದವನು ಹೆವಿ ಲೈಸೆನ್ಸ್ ಮಾಡಿಸಿಕೊಂಡು ಆಪರೇಟರ್ ಆದರೆ ಲೋಡರ್‌ಗಿಂತ ಸಂಬಳ ಜಾಸ್ತಿ, ಬೆನ್ನೂ ಉಳಿಯುತ್ತದೆ.

ಹೆಜ್ಜೆ 2: ದೇವನಹಳ್ಳಿಯಲ್ಲಿ ಎರಡು ವರ್ಷ

ಈ ಹೆಜ್ಜೆಯನ್ನು ಹಾರಿಸಿ ಮುಂದೆ ಓದಬೇಡಿ. ನಾನು ಹೇಳಬೇಕಾಗಿರುವುದರಲ್ಲಿ ಅರ್ಧ ಇಲ್ಲೇ ಇದೆ.

ಗಲ್ಫ್‌ನ ಕಂಪನಿಗಳು ರ‍್ಯಾಂಪ್‌ಗೋ ಕೌಂಟರಿಗೋ ಜನ ಬೇಕೆಂದಾಗ ಬಯೋಡೇಟಾದಲ್ಲಿ ಮೊದಲು ಹುಡುಕುವುದು ಅನುಭವವನ್ನು. ಯಾವ ಏರ್‌ಪೋರ್ಟ್, ಯಾವ ವಿಮಾನ, ಎಷ್ಟು ವರ್ಷ? ಡಿಪ್ಲೊಮಾ ಸರ್ಟಿಫಿಕೇಟಿನ ಹೊಳಪು ಆಮೇಲೆ. ನಾನು ಪಿಯುಸಿ ಮುಗಿಸಿ ಒಂದು ತರಬೇತಿ ಸಂಸ್ಥೆಗೆ 80 ಸಾವಿರ ಕಟ್ಟಿದೆ. "ಪ್ಲೇಸ್‌ಮೆಂಟ್ ನೂರಕ್ಕೆ ನೂರು" ಅಂದರು. ಆರು ತಿಂಗಳು ಪುಸ್ತಕ ಓದಿಸಿದರು, ಬ್ಲೇಜರ್ ಹೊಲಿಸಿಕೊಟ್ಟರು, ಕೊನೆಗೆ ಒಂದು ಮಾಲ್‌ನಲ್ಲಿ ಸೇಲ್ಸ್ ಕೆಲಸಕ್ಕೆ ಕಳಿಸಿದರು. ಆ ಬ್ಲೇಜರ್ ಈಗಲೂ ಬೀರುವಿನಲ್ಲಿದೆ. ಮೂರು ತಿಂಗಳಲ್ಲಿ ಬಿಟ್ಟು ಬಂದು ದೇವನಹಳ್ಳಿಯಲ್ಲಿ ಲೋಡರ್ ಆಗಿ ಸೇರಿದೆ. ದೋಹಾಕ್ಕೆ ಕರೆದುಕೊಂಡು ಹೋದದ್ದು ಆ ಲೋಡರ್ ಕೆಲಸವೇ.

ನಮ್ಮ ಜಿಲ್ಲೆಯವರಿಗೆ ಇರುವ ಅನುಕೂಲ ರಾಯಚೂರಿನವರಿಗೋ ಹಾವೇರಿಯವರಿಗೋ ಇಲ್ಲ. 2008ರಲ್ಲಿ ಶುರುವಾದ ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಈಗ ವರ್ಷಕ್ಕೆ 4 ಕೋಟಿಗೂ ಹೆಚ್ಚು ಪ್ರಯಾಣಿಕರು ಓಡಾಡುತ್ತಾರೆ. ಹೆದ್ದಾರಿ 44ರಲ್ಲಿ ಬಸ್ಸು ಹಿಡಿದರೆ ಚಿಕ್ಕಬಳ್ಳಾಪುರದಿಂದ ಗಂಟೆಯೊಳಗಿನ ದಾರಿ. 2021ರಿಂದ ಚಿಕ್ಕಬಳ್ಳಾಪುರ–ಯಲಹಂಕ ರೈಲು ಮಾರ್ಗದಲ್ಲಿ ಏರ್‌ಪೋರ್ಟ್ ಹಾಲ್ಟ್ ಕೂಡ ಇದೆ. ಆದರೆ ಶಿಫ್ಟಿಗೆ ರೈಲನ್ನೇ ನಂಬಿದರೆ ಕಷ್ಟ, ಕಂಪನಿ ಗಾಡಿ ಇದೆಯಾ ಅಂತ ಸೇರುವ ಮೊದಲೇ ಕೇಳಿಕೊಳ್ಳಿ.

ಸೇರುವುದು ಹೇಗೆ? ಏರ್‌ಪೋರ್ಟ್ ನಡೆಸುವ ಕಂಪನಿಯೇ ಬೇರೆ, ಲಗೇಜ್ ಎತ್ತುವ ಕಂಪನಿಯೇ ಬೇರೆ ಅನ್ನುವುದು ಮೊದಲು ಗೊತ್ತಿರಲಿ. ಲಗೇಜ್ ಎತ್ತುವ ಕಂಪನಿಗೆ ಗ್ರೌಂಡ್ ಹ್ಯಾಂಡ್ಲರ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಏರ್ ಇಂಡಿಯಾ ಸ್ಯಾಟ್ಸ್, ಮೆಂಜೀಸ್ ಇಂಥವರು. ಅವರ ಜಾಲತಾಣದ ಕೆರಿಯರ್ ಪುಟ ನೋಡಿ, ವಾಕ್-ಇನ್ ಇದ್ದಾಗ ನೇರವಾಗಿ ಹೋಗಿ. ಅಲ್ಲಿ ಈಗಾಗಲೇ ಇರುವ ನಿಮ್ಮೂರಿನವರನ್ನು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಕೆಲಸ ಕೊಡಲು ಇವರು ದುಡ್ಡು ಕೇಳುವುದಿಲ್ಲ. ಕೋರ್ಸೇ ಮಾಡಬೇಕು ಅಂತಿದ್ದರೆ ಏರೋಸ್ಪೇಸ್ ಅಂಡ್ ಏವಿಯೇಷನ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಮಾನ್ಯತೆ ಇದೆಯಾ ನೋಡಿ. ಅದರ ಕಚೇರಿ ಬೆಂಗಳೂರಿನಲ್ಲೇ ಇದೆ.

ಏರ್‌ಪೋರ್ಟ್ ಒಳಗೆ ಹೋಗಲು ಎಂಟ್ರಿ ಪರ್ಮಿಟ್ ಬೇಕು. ಅದಕ್ಕೆ ಪೊಲೀಸ್ ವೆರಿಫಿಕೇಶನ್ ಆಗುತ್ತದೆ. ಹೊಲದ ಬದುವಿನ ಗಲಾಟೆ, ಜಾತ್ರೆಯ ಹೊಡೆದಾಟ ಅಂತ ಯಾವುದೋ ಕೇಸಿನಲ್ಲಿ ಹೆಸರಿದ್ದರೆ ಇಲ್ಲೂ ಅಡ್ಡಿ, ಮುಂದೆ ವೀಸಾಕ್ಕೂ ಅಡ್ಡಿ. ಇತ್ಯರ್ಥ ಆಗಿದ್ದರೆ ಕೋರ್ಟಿನ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ.

ಕೆಲಸದಲ್ಲಿರುವ ಎರಡು ವರ್ಷ ಸುಮ್ನೆ ಸಂಬಳ ತಗೊಂಡು ಬರಬೇಡಿ. ಕಂಪನಿ ಕೊಡಿಸುವ ಪ್ರತಿ ತರಬೇತಿಗೂ ಹೆಸರು ಕೊಡಿ. ಡೇಂಜರಸ್ ಗೂಡ್ಸ್, ಅಂದರೆ ಬೆಂಕಿ, ಸ್ಫೋಟದಂಥ ಅಪಾಯ ಇರುವ ಸರಕಿನ ತರಬೇತಿ ಬಹಳ ಮುಖ್ಯ, ಎಲ್ಲ ದೇಶದಲ್ಲೂ ಕೇಳುತ್ತಾರೆ. ಏರ್‌ಸೈಡ್ ಡ್ರೈವಿಂಗ್ ಪರ್ಮಿಟ್ (ವಿಮಾನಗಳು ಓಡಾಡುವ ಒಳಭಾಗದಲ್ಲಿ ಗಾಡಿ ಓಡಿಸುವ ಪರವಾನಗಿ) ಸಿಗುವುದಾದರೆ ಬಿಡಬೇಡಿ. ಕೌಂಟರಿನವರು ಚೆಕ್-ಇನ್ ಸಾಫ್ಟ್‌ವೇರ್‌ನ ಹೆಸರು ಬರೆದಿಟ್ಟುಕೊಳ್ಳಿ. ಅಮೇಡಿಯಸ್ ಆಲ್ಟಿಯಾ, ಕಳೆದ ಲಗೇಜಿಗೆ ವರ್ಲ್ಡ್‌ಟ್ರೇಸರ್, ಇವನ್ನೇ ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ. ಕಾರ್ಗೋದಲ್ಲಿದ್ದರೆ ಫೆಬ್ರವರಿಯಲ್ಲಿ ಗುಲಾಬಿ ಪೆಟ್ಟಿಗೆಗಳ ರಾಶಿ ಬೀಳುವುದು ನಿಮಗೇ ಗೊತ್ತು. ಬೇಗ ಕೆಡುವ ಸರಕನ್ನು ಸಾಗಿಸಿದ ಅನುಭವ ಅಂತ ಅದನ್ನೇ ಬಯೋಡೇಟಾದಲ್ಲಿ ಹಾಕಿ. ನಮ್ಮ ತೋಟದ ಹೂವು ನಮಗಿಂತ ಮೊದಲೇ ವಿಮಾನ ಹತ್ತುತ್ತದೆ, ಅಲ್ವಾ?

ಹೆಜ್ಜೆ 3: ಯಾವ ದೇಶ?

ಗಲ್ಫ್. ನಮ್ಮಂಥವರಿಗೆ ಬಾಗಿಲು ತೆರೆದಿರುವುದು ಅಲ್ಲೇ. ದುಬೈನಲ್ಲಿ ಡಿನಾಟಾ, ದೋಹಾದಲ್ಲಿ ಕತಾರ್ ಏವಿಯೇಷನ್ ಸರ್ವಿಸಸ್, ಸೌದಿಯಲ್ಲಿ ಸೌದಿ ಗ್ರೌಂಡ್ ಸರ್ವಿಸಸ್ ಮತ್ತು ಸ್ವಿಸ್‌ಪೋರ್ಟ್, ಬಹ್ರೇನ್‌ನಲ್ಲಿ ಬಹ್ರೇನ್ ಏರ್‌ಪೋರ್ಟ್ ಸರ್ವಿಸಸ್. ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಅಲ್ಲಿ ಏರ್‌ಪೋರ್ಟ್‌ಗಳು ಬೆಳೆಯುತ್ತಲೇ ಇವೆ. ದುಬೈನವರು ಅಲ್ ಮಕ್ತೂಮ್ ಏರ್‌ಪೋರ್ಟ್ ವಿಸ್ತರಣೆಗೆ 2024ರಲ್ಲಿ 128 ಶತಕೋಟಿ ದಿರ್ಹಂ ಯೋಜನೆ ಪ್ರಕಟಿಸಿದರು.

ಇಂಗ್ಲೆಂಡ್? 2025ರ ಜುಲೈ 22ರಿಂದ ಅಲ್ಲಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಡಿಗ್ರಿ ಮಟ್ಟದ ಕೆಲಸ ಬೇಕು, ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು. ಲೋಡರ್ ಕೆಲಸ ಅದರ ಹತ್ತಿರಕ್ಕೂ ಬರುವುದಿಲ್ಲ. ಕೆನಡಾದಲ್ಲಿ ಸ್ಥಳೀಯರು ಸಿಗಲಿಲ್ಲ ಅಂತ ಕಂಪನಿಯೇ ಸರ್ಕಾರಕ್ಕೆ ತೋರಿಸಬೇಕು. ಮೇಲಾಗಿ ಎರಡೂ ಕಡೆ ಏರ್‌ಸೈಡ್ ಪಾಸ್‌ಗೆ ಹಿಂದಿನ ಐದು ವರ್ಷದ ಪೂರ್ವಾಪರ ಜಾಲಾಡುತ್ತಾರೆ. ಹಾಗಾಗಿ "ಲಂಡನ್ ಏರ್‌ಪೋರ್ಟ್ ಹೆಲ್ಪರ್ ವೀಸಾ, ಎಂಟು ಲಕ್ಷ" ಅಂತ ಯಾರಾದರೂ ಅಂದರೆ ಟೀ ಕುಡಿಸಿ ಕಳಿಸಿಬಿಡಿ.

ಜಪಾನ್ ಮಾತ್ರ ಯೋಚಿಸುವಂಥ ದಾರಿ. 2019ರ ಏಪ್ರಿಲ್‌ನಲ್ಲಿ ಅವರು ತಂದ ವಿಶೇಷ ಕೌಶಲದ ವೀಸಾದಲ್ಲಿ ವಿಮಾನಯಾನವೂ ಒಂದು ವಿಭಾಗ, ಅದರಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಇದೆ. ಭಾರತದ ಜೊತೆ 2021ರ ಜನವರಿಯಲ್ಲಿ ಒಪ್ಪಂದ ಆಯಿತು. ಜಪಾನಿ ಭಾಷೆಯಲ್ಲಿ ಎನ್4 ಮಟ್ಟ (ಐದು ಮಟ್ಟಗಳಲ್ಲಿ ಕೆಳಗಿನಿಂದ ಎರಡನೆಯದು) ಪಾಸಾಗಬೇಕು, ಕೌಶಲದ ಪರೀಕ್ಷೆ ಬೇರೆ. ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಇರಬಹುದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಅಲ್ಲಿನವರಿಗೆ ಕೊಡುವಷ್ಟೇ ಸಂಬಳ ಕೊಡಬೇಕು ಅನ್ನುವ ನಿಯಮ ಇದೆ. ವಯಸ್ಸು ಇಪ್ಪತ್ತರ ಆಸುಪಾಸು ಇದ್ದು ಒಂದು ವರ್ಷ ಕೂತು ಭಾಷೆ ಕಲಿಯುವ ತಾಳ್ಮೆ ಇದ್ದವರು ಪ್ರಯತ್ನಿಸಬಹುದು. ಮುಂದೆ ಬರೆದಿರುವುದೆಲ್ಲ ಗಲ್ಫ್ ಲೆಕ್ಕದಲ್ಲೇ.

ಹೆಜ್ಜೆ 4: ಪಾಸ್‌ಪೋರ್ಟ್ ಮತ್ತು ಇನಿಶಿಯಲ್ ತಾಪತ್ರಯ

ಪಾಸ್‌ಪೋರ್ಟ್ ಅರ್ಜಿ ಆನ್‌ಲೈನ್‌ನಲ್ಲೇ. 36 ಪುಟದ್ದಕ್ಕೆ 1,500 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಹೆಡ್ ಪೋಸ್ಟ್ ಆಫೀಸುಗಳಲ್ಲೇ ಸೇವಾ ಕೇಂದ್ರಗಳು ಬಂದಿರುವುದರಿಂದ ಎಲ್ಲರೂ ಬೆಂಗಳೂರಿಗೆ ಓಡಬೇಕಾಗಿಲ್ಲ. ಅರ್ಜಿ ಹಾಕುವಾಗ ಹತ್ತಿರದ್ದು ಯಾವುದು ಅಂತ ನೋಡಿ ಆರಿಸಿ.

ನಮ್ಮ ಕಡೆ ತೊಂದರೆ ಇರುವುದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ "ಮಂಜುನಾಥ ಕೆ. ಎನ್.", ಆಧಾರ್‌ನಲ್ಲಿ ಬರೀ "ಮಂಜುನಾಥ್", ಕಂಪನಿಯ ಪತ್ರದಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆಯಬೇಕು. ಕೊಟ್ಟ ಹೆಸರು (ಗಿವನ್ ನೇಮ್), ಮನೆತನದ ಹೆಸರು (ಸರ್‌ನೇಮ್) ಎರಡೂ ಕಡೆ ಏನಾದರೂ ಇರಲಿ. ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರ್‌ನಲ್ಲಿ ಪ್ರವಾಸಿ ವೀಸಾದಲ್ಲಿ ತಡೆ ಹಾಕಿತು. ಆಗ ಎಷ್ಟೋ ಜನ ಪರದಾಡಿದರು. ಮೊದಲು ಆಧಾರ್ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟಿಗೆ ಹೋಗಿ.

ಪಾಸ್‌ಪೋರ್ಟ್ ಕೈಗೆ ಬಂದಾಗ "ಎಮಿಗ್ರೇಶನ್ ಚೆಕ್ ರಿಕ್ವೈರ್ಡ್" ಅಂತ ಅಚ್ಚಾಗಿದೆಯಾ ನೋಡಿ. ಇದ್ದರೆ ಇಸಿಆರ್, ಇಲ್ಲದಿದ್ದರೆ ಇಸಿಎನ್‌ಆರ್. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಇಸಿಎನ್‌ಆರ್ ಸಿಗುತ್ತದೆ, ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡ್ ಕೊಟ್ಟಿರಬೇಕು ಅಷ್ಟೇ. ಇಸಿಆರ್ ಇದ್ದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಶನ್ ಕ್ಲಿಯರೆನ್ಸ್ (ಹೊರಡಲು ಸರ್ಕಾರದ ಒಪ್ಪಿಗೆ) ಬೇಕೇ ಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, 10 ಲಕ್ಷದ ವಿಮೆ. ಕಡ್ಡಾಯ ಇಲ್ಲದವರೂ ಮಾಡಿಸಿಕೊಳ್ಳಿ, ಒಂದು ಕೆಜಿ ಮಟನ್‌ಗಿಂತ ಅಗ್ಗ.

ಕೌಂಟರ್ ಕೆಲಸಕ್ಕೆ ಹೋಗುವವರಿಗೆ ಸರ್ಟಿಫಿಕೇಟುಗಳ ಅಟೆಸ್ಟೇಶನ್ ಕೇಳಬಹುದು. ಮೊದಲು ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಇಲಾಖೆ, ಕೊನೆಗೆ ಆ ದೇಶದ ರಾಯಭಾರ ಕಚೇರಿ. ಬಹ್ರೇನ್, ಒಮಾನ್, 2022ರ ಡಿಸೆಂಬರ್‌ನಿಂದ ಸೌದಿ, ಇವಕ್ಕೆ ಅಪೊಸ್ಟಿಲ್ (ವಿದೇಶಾಂಗ ಇಲಾಖೆಯೇ ಹಾಕುವ ದೃಢೀಕರಣ ಮುದ್ರೆ) ಸಾಕು. ಕೆಲಸ ಖಾತ್ರಿ ಆಗುವ ಮೊದಲು ಇದಕ್ಕೆ ದುಡ್ಡು ಸುರಿಯಬೇಡಿ.

ಹೆಜ್ಜೆ 5: ಅರ್ಜಿ

ಮೇಲೆ ಹೇಳಿದ ಕಂಪನಿಗಳ ಸ್ವಂತ ಕೆರಿಯರ್ ಪುಟದಲ್ಲಿ ಖಾತೆ ತೆರೆಯಿರಿ. ಬಯೋಡೇಟಾ ಎರಡು ಪುಟ ದಾಟದಿರಲಿ. ತಂದೆಯ ಹೆಸರು, ಜಾತಿ, ಹವ್ಯಾಸ ಯಾವುದೂ ಬೇಡ. ಎ320, ಬಿ737, ಬಿ777, ಹೀಗೆ ಕೆಲಸ ಮಾಡಿದ ವಿಮಾನಗಳು, ಓಡಿಸಿದ ಯಂತ್ರಗಳು, ಮುಗಿಸಿದ ತರಬೇತಿ, ಅದರ ದಿನಾಂಕ. ಇವಿಷ್ಟು ಮೊದಲ ಅರ್ಧ ಪುಟದಲ್ಲಿ ಬರಲಿ.

ಭಾಷೆಗಳ ಸಾಲನ್ನು ಖಾಲಿ ಬಿಡಬೇಡಿ. ಚಿಕ್ಕಬಳ್ಳಾಪುರ, ಕೋಲಾರದವರಿಗೆ ಕನ್ನಡ, ತೆಲುಗು ಎರಡೂ ಮನೆಮಾತಿನಂತೆ ಬರುತ್ತವೆ, ಜೊತೆಗೆ ಹಿಂದಿ ಅಥವಾ ಉರ್ದು. ಗಲ್ಫ್ ಏರ್‌ಪೋರ್ಟಿನಲ್ಲಿ ಹೈದರಾಬಾದ್ ವಿಮಾನದ ಗೇಟಿನಲ್ಲಿ ತೆಲುಗು ಬರುವವರನ್ನು ಕರೆದು ನಿಲ್ಲಿಸುವುದನ್ನು ನಾನೇ ನೋಡಿದ್ದೇನೆ.

ಸರ್ಕಾರದ ದಾರಿಯೂ ಇದೆ. ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮದ ಕೆಳಗೆ ಅಂತರರಾಷ್ಟ್ರೀಯ ವಲಸೆ ಕೇಂದ್ರ ಅಂತ ಒಂದಿದೆ. ಹೊರದೇಶದ ಕೆಲಸಕ್ಕೆ ಜನ ಕಳಿಸುವುದೇ ಅದರ ಕೆಲಸ. ಅಲ್ಲಿ ಹೆಸರು ನೋಂದಾಯಿಸಿ ಇಡಿ.

ಹೆಜ್ಜೆ 6: ಏಜೆಂಟ್ ಬಂದರೆ

ಕೆಲವು ಕಂಪನಿಗಳು ಭಾರತದಲ್ಲಿ ಏಜೆನ್ಸಿ ಮೂಲಕವೇ ಜನ ತೆಗೆದುಕೊಳ್ಳುತ್ತವೆ. ಏಜೆಂಟರೆಲ್ಲ ಕಳ್ಳರಲ್ಲ. ಆದರೆ ಪರೀಕ್ಷೆ ಮಾಡುವ ವಿಧಾನ ಗೊತ್ತಿರಬೇಕು.

1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಜನ ಕಳಿಸುವ ಏಜೆಂಟರಿಗೆ ವಿದೇಶಾಂಗ ಇಲಾಖೆಯ ನೋಂದಣಿ ಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಣಿ ಇರುವವರ ಪಟ್ಟಿ ಇದೆ. ಹೆಸರು, ಲೈಸೆನ್ಸ್ ನಂಬರ್ ಎರಡನ್ನೂ ತಾಳೆ ನೋಡಿ. ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿ. "ನಮ್ಮದು ಮುಂಬೈ ಆಫೀಸಿನ ಸಬ್ ಏಜೆನ್ಸಿ" ಅನ್ನುವವರನ್ನು ಅಲ್ಲೇ ಬಿಡಿ, ಕಾನೂನಿನಲ್ಲಿ ಸಬ್ ಏಜೆಂಟ್ ಅನ್ನುವುದೇ ಇಲ್ಲ.

ನೋಂದಣಿ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಶೇ. 18 ಜಿಎಸ್‌ಟಿ ಸೇರಿದರೆ 35,400. ರಸೀದಿ ಕೊಡಲೇಬೇಕು. ಒಂದೂವರೆ ಲಕ್ಷದ ಮಾತು ಎಲ್ಲಿಂದ ಬಂತು ಅಂತ ಈಗ ನೀವೇ ಲೆಕ್ಕ ಹಾಕಿ. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಂತೂ ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲಿ ಮಾಡುವಂತಿಲ್ಲ ಅಂತ ಇದೆ.

ಇನ್ನೊಂದು ಮಾತು ಬಹಳ ಕೇಳುತ್ತೇನೆ: "ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದಮೇಲೆ ವರ್ಕ್ ವೀಸಾ ಮಾಡಿಸೋಣ." ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧ. ಅದರಲ್ಲೂ ಏರ್‌ಪೋರ್ಟ್ ಒಳಗಿನ ಕೆಲಸಕ್ಕೆ ಸೆಕ್ಯುರಿಟಿ ಪಾಸ್ ಬೇಕು. ವಿಸಿಟ್ ವೀಸಾದವನಿಗೆ ಅದು ಸಿಗುವುದಿಲ್ಲ. ಶಿಡ್ಲಘಟ್ಟ ಕಡೆಯ ನನ್ನ ಸ್ನೇಹಿತನೊಬ್ಬ ರೇಷ್ಮೆಗೂಡು ಮಾರಿದ ದುಡ್ಡು, ಮೇಲೆ ಕೈಸಾಲ ಸೇರಿಸಿ ಹೀಗೇ ಹೋದ. ಎರಡು ತಿಂಗಳು ಒಂದು ರೂಮಿನಲ್ಲಿ ಹನ್ನೊಂದು ಜನರ ಜೊತೆ ಮಲಗಿದ್ದು ವಾಪಸ್ ಬಂದ. ಏರ್‌ಪೋರ್ಟನ್ನು ಅವನು ನೋಡಿದ್ದು ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ.

ಹೆಜ್ಜೆ 7: ಇಂಟರ್ವ್ಯೂ

ದೊಡ್ಡ ಇಂಗ್ಲಿಷ್ ಬೇಡ. ಸಣ್ಣ ವಾಕ್ಯ, ನಿಧಾನವಾಗಿ. ಬದಲಿಗೆ ಕೆಲಸದ ಪ್ರಶ್ನೆಗಳಿಗೆ ತಯಾರಾಗಿ. ಮೂರಕ್ಷರದ ಕೋಡ್‌ಗಳು ಬಾಯಿಪಾಠ ಇರಲಿ: ಬೆಂಗಳೂರು ಬಿಎಲ್‌ಆರ್, ದುಬೈ ಡಿಎಕ್ಸ್‌ಬಿ, ದೋಹಾ ಡಿಒಎಚ್, ಮಸ್ಕತ್ ಎಂಸಿಟಿ. ಆಲ್ಫಾ, ಬ್ರಾವೊ, ಚಾರ್ಲಿ ಅಂತ ಅಕ್ಷರ ಹೇಳುವುದನ್ನೂ ಕೇಳುತ್ತಾರೆ.

ಕೌಂಟರಿನವರಿಗೆ: "ಚೆಕ್-ಇನ್ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇದೆ, ಏನು ಮಾಡುತ್ತೀರಿ?" ತೆಗೆಸಬೇಕು, ಅದು ಕೈಚೀಲದಲ್ಲಿ ಮಾತ್ರ ಹೋಗಬೇಕು. ಅದರ ಬ್ಯಾಟರಿ ಸಾಮರ್ಥ್ಯ 100 ವ್ಯಾಟ್-ಅವರ್ ದಾಟಿದರೆ ಏರ್‌ಲೈನ್ ಒಪ್ಪಿಗೆ ಬೇಕು, 160 ದಾಟಿದರೆ ಹೋಗುವಂತೆಯೇ ಇಲ್ಲ. ರ‍್ಯಾಂಪಿನವರಿಗೆ: "ವಿಮಾನ ಬಂದು ನಿಂತಿತು, ಯಾವಾಗ ಹತ್ತಿರ ಹೋಗುತ್ತೀರಿ?" ಎಂಜಿನ್ ನಿಂತು, ಮಿನುಗುವ ಕೆಂಪು ದೀಪ ಆರಿ, ಚಾಕ್ ಇಟ್ಟ ಮೇಲೆ. ನನಗೆ ಕೇಳಿದ್ದು ಇದನ್ನೇ. ಇಂಗ್ಲಿಷ್ ತಪ್ಪುತಪ್ಪಾಗಿಯೇ ಹೇಳಿದೆ, ಆದರೆ ಕೈಯಲ್ಲಿ ಮಾಡಿ ತೋರಿಸಿದೆ. ಎದುರಿಗಿದ್ದವರು ನಕ್ಕು ಟಿಕ್ ಹಾಕಿದರು. ಎರಡು ವರ್ಷ ದಿನಾ ಮಾಡಿದ ಕೆಲಸ, ಮರೆಯುವುದೆಲ್ಲಿ?

ಹೆಜ್ಜೆ 8: ಆಫರ್ ಲೆಟರ್

ಒಟ್ಟು ಸಂಬಳ ನೋಡಿ ಕುಣಿಯಬೇಡಿ. ಬೇಸಿಕ್ ಎಷ್ಟು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಲೆಕ್ಕ ಬೇಸಿಕ್ ಮೇಲೆ ನಿಂತಿರುತ್ತದೆ. ಯುಎಇಯಲ್ಲಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಕತಾರ್‌ನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ಬೇಸಿಕ್ 1,000 ರಿಯಾಲ್. ರೂಮು ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಸೇರಿಸಬೇಕು. ಇದಕ್ಕಿಂತ ಕಡಿಮೆ ಬರೆದಿದ್ದರೆ ಆ ಪತ್ರವೇ ಅನುಮಾನದ್ದು.

ರೂಮು ಯಾರದ್ದು, ಊಟ ಯಾರದ್ದು, ಶಿಫ್ಟಿಗೆ ಗಾಡಿ ಇದೆಯಾ, ಓಟಿ ಲೆಕ್ಕ ಹೇಗೆ, ಎಷ್ಟು ವರ್ಷಕ್ಕೊಮ್ಮೆ ಊರಿಗೆ ಟಿಕೆಟ್? ಇವೆಲ್ಲ ಬರವಣಿಗೆಯಲ್ಲಿ ಬೇಕು. ಮನೆಯಲ್ಲಿ ಕೂತು ಒಂದು ಲೆಕ್ಕ ಬರೆಯಿರಿ: ಅಲ್ಲಿನ ಖರ್ಚು ಕಳೆದು ಉಳಿಯುವುದೆಷ್ಟು, ಇಲ್ಲಿ ದೇವನಹಳ್ಳಿಯಲ್ಲಿ ಈಗ ಉಳಿಯುತ್ತಿರುವುದೆಷ್ಟು. ಎರಡೂವರೆ ಪಟ್ಟಾದರೂ ಇಲ್ಲದಿದ್ದರೆ ನಾನಾಗಿದ್ದರೆ ಹೋಗುವುದಿಲ್ಲ.

ಹೆಜ್ಜೆ 9: ಮೆಡಿಕಲ್, ವೀಸಾ

ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಒಂದು ಎದೆಯ ಎಕ್ಸ್‌ರೇ ತೆಗೆಸಿ ನೋಡಿಕೊಳ್ಳಿ. ಗಲ್ಫ್ ಮೆಡಿಕಲ್‌ನಲ್ಲಿ ಟಿಬಿ, ಎಚ್‌ಐವಿ, ಹೆಪಟೈಟಿಸ್ ನೋಡುತ್ತಾರೆ. ಎಂದೋ ವಾಸಿಯಾದ ಟಿಬಿಯ ಕಲೆ ಎಕ್ಸ್‌ರೇಯಲ್ಲಿ ಕಂಡು ಅನ್‌ಫಿಟ್ ಆದವರನ್ನು ನೋಡಿದ್ದೇನೆ. ಮೆಡಿಕಲ್ ಅಪಾಯಿಂಟ್‌ಮೆಂಟ್ ವಾಫಿದ್ ಜಾಲತಾಣದಲ್ಲಿ ಸಿಗುತ್ತದೆ, ಹಳಬರು ಇನ್ನೂ ಗಮ್ಕಾ ಅನ್ನುತ್ತಾರೆ.

ಕತಾರ್‌ಗೆ ಹೋಗುವವರಿಗೆ ದಾರಿ ಬೇರೆ. ಕತಾರ್ ವೀಸಾ ಸೆಂಟರ್‌ನಲ್ಲೇ ಮೆಡಿಕಲ್, ಬೆರಳಚ್ಚು, ಕರಾರಿಗೆ ಸಹಿ ಎಲ್ಲ ಆಗುತ್ತದೆ. ಬೆಂಗಳೂರಿನಲ್ಲಿ ಅದು ಇಲ್ಲ, ನಮಗೆ ಹತ್ತಿರ ಅಂದರೆ ಚೆನ್ನೈ ಅಥವಾ ಹೈದರಾಬಾದ್. ನಾನು ರಾತ್ರಿ ರೈಲಿಗೆ ಚೆನ್ನೈಗೆ ಹೋಗಿ ಮಧ್ಯಾಹ್ನಕ್ಕೆ ಮುಗಿಸಿಕೊಂಡು ಬಂದೆ. ಸಹಿ ಹಾಕುವ ಮುಂಚೆ ಕರಾರಿನ ಸಂಬಳ ಮತ್ತು ಆಫರ್ ಲೆಟರಿನ ಸಂಬಳ ಒಂದೇನಾ ಅಂತ ತಾಳೆ ನೋಡಿ. ಬೇರೆ ಇದ್ದರೆ ಅಲ್ಲೇ ಬೇಡ ಅನ್ನುವ ಹಕ್ಕಿದೆ. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಪಾಸ್‌ಪೋರ್ಟ್ ಜಾಲತಾಣದಲ್ಲೇ ಅರ್ಜಿ ಹಾಕಿ, 500 ರೂಪಾಯಿ.

ಹೆಜ್ಜೆ 10: ಹೊರಡುವ ವಾರ

ಈಗಿನ ಕಂಪನಿಯಿಂದ ರಿಲೀವಿಂಗ್ ಲೆಟರ್, ತರಬೇತಿ ಸರ್ಟಿಫಿಕೇಟಿನ ಮೂಲ ಪ್ರತಿ ಕೇಳಿ ತೆಗೆದುಕೊಳ್ಳಿ. ಜಗಳ ಮಾಡಿಕೊಂಡು ಬಿಡಬೇಡಿ. ವಾಪಸ್ ಬಂದಾಗ ಮತ್ತೆ ಅದೇ ಗೇಟಿಗೆ ಹೋಗಬೇಕಾಗಬಹುದು, ನಾನು ಹೋದೆ. ಇಸಿಆರ್ ಇದ್ದವರಿಗೆ ಸರ್ಕಾರ ಒಂದು ದಿನದ ಉಚಿತ ತರಬೇತಿ ಕೊಡುತ್ತದೆ, ಬೇರೆಯವರೂ ಕೂತು ಕೇಳಿದರೆ ನಷ್ಟವಿಲ್ಲ.

ಕರಾರು, ವೀಸಾ, ಪಾಸ್‌ಪೋರ್ಟ್, ಕಂಪನಿಯ ವಿಳಾಸ ಎಲ್ಲದರ ಫೋಟೋ ತೆಗೆದು ಮನೆಯಲ್ಲಿ ಓದಲು ಬರುವ ಒಬ್ಬರ ಮೊಬೈಲಿಗೆ ಕಳಿಸಿಡಿ. ನಾನು ತಂಗಿಗೆ ಕಳಿಸಿದ್ದೆ. ಅಲ್ಲಿ ರೆಸಿಡೆನ್ಸಿ ಮಾಡಿಸಲು ಪಾಸ್‌ಪೋರ್ಟ್ ತೆಗೆದುಕೊಂಡರೆ ಕೆಲಸ ಮುಗಿದ ಮೇಲೆ ವಾಪಸ್ ಕೇಳಿ, ಅದನ್ನು ಇಟ್ಟುಕೊಳ್ಳುವ ಹಕ್ಕು ಕಂಪನಿಗೆ ಇಲ್ಲ. ತೊಂದರೆಯಾದರೆ ದೂರು ಕೊಡಲು ವಿದೇಶಾಂಗ ಇಲಾಖೆಯ ಮದದ್ ಜಾಲತಾಣ ಇದೆ. ದುಬೈನಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342. ಫೋನಿನ ಅಕ್ಷರಗಳಲ್ಲಿ ಒತ್ತಿದರೆ ಅದು "ಇಂಡಿಯಾ" ಅಂತಾಗುತ್ತದೆ.

ಬ್ಯಾಗಿನಲ್ಲಿ ಹುರಿಗಾಳು, ಚಟ್ನಿಪುಡಿ, ರಾಗಿಹಿಟ್ಟು ಇರಲಿ. ಗಸಗಸೆ ಮಾತ್ರ ಬೇಡ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಅದು ಗಲ್ಫ್‌ನಲ್ಲಿ ನಿಷೇಧಿತ ವಸ್ತು, ಕಸ್ಟಮ್ಸ್‌ನಲ್ಲಿ ಹಿಡಿದರೆ ಜೈಲು. ಅಮ್ಮ ಕಟ್ಟಿಕೊಟ್ಟ ಪ್ರತಿ ಪೊಟ್ಟಣವನ್ನೂ ನೀವೇ ಬಿಚ್ಚಿ ನೋಡಿ ಮತ್ತೆ ಕಟ್ಟಿ.